ಪ್ರದರ್ಶನಕ್ಕೆ ಹೊರಟ ಉಪ್ಪಿನಕಾಯಿ

ನ್ಯೂಜೆರ್ಸಿಯ ಹೋಬೋಕನ್‌ನ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯಾಕೆ ಪೋಲೆಂಡಿನವಳು, ಕಲಾವಿದೆ. ಕಲಾವಿದೆ ಎಂದರೆ ಬಣ್ಣ, ಕುಂಚ ಎಂದುಕೊಂಡು ನಾನು ಮೊದಲು ಮೋಸ ಹೋದೆ. ಅವಳ ಮನೆಯಲ್ಲಿದ್ದದ್ದು ಒಂದು ಹಳೇ ಬಾಗಿಲು ಮತ್ತು ಅಂಗಿಗುಂಡಿಗಳ ರಾಶಿ. ಅವಳ ಗೆಳೆಯನೊಬ್ಬ ವಾರ್ಸಾದಲ್ಲಿ ತಾನು ಮೆಟ್ಟಿಲು ಗುಡಿಸುವುದನ್ನು ವಿಡಿಯೋ ಮಾಡಿ ದೇಶವಿದೇಶಗಳಲ್ಲಿ ತೋರಿಸುತ್ತಾನಂತೆ. ನಮ್ಮ ಮನೆಯಲ್ಲಿ ನಾನು ಗುಡಿಸಿದರೆ ಕಾಲು ಎತ್ತುವವರೂ ಇಲ್ಲ.

ಆ ವಸಂತದಲ್ಲಿ ಬ್ರೂಕ್ಲಿನ್‌ನ ಒಂದು ಗ್ಯಾಲರಿಯಲ್ಲಿ ಪೋಲೆಂಡಿನಲ್ಲಿರುವ, ಅಲ್ಲಿಂದ ಹೊರಬಂದಿರುವ ಕಲಾವಿದರದೆಲ್ಲ ಒಟ್ಟಿಗೆ ಪ್ರದರ್ಶನ. ವರ್ಷಗಟ್ಟಲೆ ಕಾದ ಮೇಲೆ ಇವಳಿಗೂ ಜಾಗ ಸಿಕ್ಕಿತ್ತು. ಇವಳು ಇಡಲಿದ್ದದ್ದು ಒಂದು ಗಾಜಿನ ಜಾಡಿ. ಅದರಲ್ಲಿ ಉಪ್ಪುನೀರು, ಸಬ್ಬಸಿಗೆ, ಬೆಳ್ಳುಳ್ಳಿಯ ಜೊತೆ ಅವಳಮ್ಮ ಇಡಿಇಡಿಯಾಗಿ ನೆನೆಹಾಕಿದ ಸೌತೆಕಾಯಿಗಳು. ಅಮ್ಮ ಸಾಯುವ ಮುಂಚೆ ಹಾಕಿದ ಕೊನೆಯ ಜಾಡಿ ಅದು. ಮಗಳು ಮುಚ್ಚಳ ತೆಗೆದು ಬೂಷ್ಟು ಬರಲು ಬಿಟ್ಟಿದ್ದಳು. ಆ ಬೂಷ್ಟೇ ಕಲೆ. ಊರಿಗೆ ಹೋಗಿ ಬರುವಷ್ಟರಲ್ಲಿ ಮನೆಗೆ ಬಣ್ಣ ಹೊಡೆಯುವವರು ಎಸೆದುಬಿಟ್ಟಾರು ಎಂದು ಜಾಡಿಯನ್ನು ನನಗೆ ಒಪ್ಪಿಸಿ, ಯಾರೂ ಮುಟ್ಟಬಾರದು ಎಂದು ಹೇಳಿ ಹೊರಟಳು.

ನಾನೇನೋ ಮುಟ್ಟುವವಳಲ್ಲ. ಆದರೆ ಮೈಸೂರಿನಿಂದ ನಮ್ಮತ್ತೆ ಬಂದಿದ್ದರಲ್ಲ. ಅವರು ಹಾಕಿದ ಉಪ್ಪಿನಕಾಯಿಗೆ ಜನ್ಮದಲ್ಲಿ ಬೂಷ್ಟು ಬಂದದ್ದಿಲ್ಲ. ಬಂದಿದ್ದರೂ ನಮಗೆ ತಿಳಿಯಲು ಬಿಟ್ಟಿಲ್ಲ.

"ಅದೇನೇ ಅದು, ಬೂಷ್ಟು ಹಿಡಿದಿರೋದನ್ನ ತಂದು ಡೈನಿಂಗ್ ಟೇಬಲ್ ಮೇಲಿಟ್ಟಿದೀಯ?"

"ಅದು ಆರ್ಟ್ ಅತ್ತೆ. ಎಕ್ಸಿಬಿಷನ್‌ಗೆ ಹೋಗತ್ತೆ."

"ಹಾಗಾದ್ರೆ ನಿನ್ನ ಫ್ರಿಜ್ಜನ್ನೂ ಕಳಿಸು."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನಾನು ಜಾಣೆಯಂತೆ ಆ ಅಮ್ಮನ ಕಥೆಯನ್ನೂ ಹೇಳಿದೆ. ಅತ್ತೆ ಸುಮ್ಮನಾದರು. ಅವರು ಸುಮ್ಮನಾದರೆ ಏನೋ ಕಾದಿದೆ ಎಂದು ನನಗೆ ಗೊತ್ತಿರಬೇಕಿತ್ತು.

ಕಲಾವಿದೆ ಮರಳುವ ಹಿಂದಿನ ದಿನ ನಾನು ಮ್ಯಾನ್‌ಹಟನ್‌ನಲ್ಲಿ ಕೆಲಸ ಮುಗಿಸಿ ಬಂದರೆ ಮೆಟ್ಟಿಲ ತನಕ ಇಂಗಿನ ಒಗ್ಗರಣೆಯ ಘಮ. ಅಡುಗೆಮನೆಯಲ್ಲಿ ಆ ಜಾಡಿ ಫಳಫಳ ಹೊಳೆಯುತ್ತಾ ಬೋರಲು ಬಿದ್ದಿತ್ತು. ಸೌತೆಕಾಯಿಗಳು ಸಾಸಿವೆಪುಡಿ, ಮೆಣಸಿನಪುಡಿ ಮೆತ್ತಿಕೊಂಡು ನಮ್ಮ ಡಬ್ಬಿಯಲ್ಲಿದ್ದವು.

"ಮೇಲಿನ ಕೆನೆ ಅಷ್ಟೇ ಕೆಟ್ಟಿತ್ತು. ಕಾಯಿ ಗಟ್ಟಿಯಾಗಿದೆ ನೋಡು. ಪಾಪ, ಅವರಮ್ಮ ಚೆನ್ನಾಗಿ ಹಾಕಿದಾರೆ," ಎಂದರು ಅತ್ತೆ.

ಎಲ್ಲಾದರೂ ಸ್ವಲ್ಪ ಬೂಷ್ಟು ಸಿಕ್ಕರೆ ಜಾಡಿಗೆ ಮೆತ್ತೋಣವೆಂದು ಮನೆಯೆಲ್ಲ ಹುಡುಕಿದೆ. ಬೇಡದಾಗ ಬ್ರೆಡ್ಡಿಗೂ ನಿಂಬೆಹಣ್ಣಿಗೂ ಬರುವ ದರಿದ್ರ ಬೂಷ್ಟು, ಅತ್ತೆ ಬಂದಾಗಿನಿಂದ ಮನೆ ಬಿಟ್ಟು ಹೋಗಿತ್ತು.

ಮರುದಿನ ಸಂಜೆ ಅವಳು ಬಂದಾಗ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಜಾಡಿಯೊಳಗೆ ಮೂಗಿಟ್ಟು ನೋಡಿದಳು. ಬರೀ ಸೋಪಿನ ವಾಸನೆ.

"ತಿಂದರೆ ಅಮ್ಮ ಮುಗಿದುಹೋಗುತ್ತಾಳೆ ಅಂತ ಇಟ್ಟುಕೊಂಡಿದ್ದೆ," ಎಂದಳು ಇಂಗ್ಲಿಷಿನಲ್ಲಿ.

ಅತ್ತೆಗೆ ಇಂಗ್ಲಿಷ್ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. "ಮುಗೀಲಿ ಅಂತಾನೇ ಹಾಕೋದು ಕಣೇ. ಮಕ್ಕಳು ತಿಂದು ಮುಗಿಸ್ಲಿ ಅಂತ. ಹೇಳು ಅವಳಿಗೆ," ಎಂದು ನನಗೆ ಹೇಳಿ, ಅವಳ ಮುಂದೆ ಮೊಸರನ್ನವನ್ನೂ ಒಂದು ಸೌತೆಕಾಯಿಯನ್ನೂ ಇಟ್ಟರು.

ನಾನು ಹೇಳಿದೆ. ಅವಳು ಸೌತೆಕಾಯಿಯ ತುದಿ ಕಚ್ಚಿದಳು, ಅಗಿದಳು. "ಇದು ನಮ್ಮಮ್ಮನ ರುಚಿ ಅಲ್ಲ," ಎಂದಳು.

ಅತ್ತೆಯ ಮುಖ ಸಣ್ಣಗಾಯಿತು. "ತಪ್ಪಾಯ್ತು ಅಂತ ಹೇಳೇ," ಎಂದರು ಮೆಲ್ಲಗೆ. ಮದುವೆಯಾದಾಗಿನಿಂದ ಆ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅದೂ ಬೇರೆಯವಳ ಪಾಲಿಗೆ ಬಂತಲ್ಲ ಎಂದು ಒಳಗೊಳಗೇ ಹೊಟ್ಟೆಯೂ ಉರಿಯಿತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈಯೆತ್ತಿ ತಡೆದಳು. ಈ ಸಲ ಬೀಜದ ತಿರುಳಿನ ತನಕ ಆಳವಾಗಿ ಕಚ್ಚಿದಳು. ಒಂದು ದಿನದ ಸಾಸಿವೆ ಅಷ್ಟು ಒಳಗೆ ಇಳಿದಿರಲಿಲ್ಲ.

"ಒಳಗೆ ಇದ್ದಾಳೆ," ಎಂದಳು.

ಅಳುತ್ತಲೇ ತಿಂದಳು. ಅತ್ತೆ ಡಬ್ಬಿಯನ್ನೇ ಅವಳ ಕಡೆ ಸರಿಸಿದರು. ನನಗೂ ಅಳು ಬಂತು. ಡಬ್ಬಿ ಖಾಲಿಯಾಗುವ ತನಕ ಮೂವರೂ ಏಳಲಿಲ್ಲ.

ಬೆಳಿಗ್ಗೆ ಅವಳು ಮತ್ತೆ ಕೆಳಗಿಳಿದು ನಮ್ಮ ಮನೆಗೆ ಬಂದಿದ್ದಾಗಲೇ ಗ್ಯಾಲರಿಯವನು ಕೈಗವಸು ಹಾಕಿಕೊಂಡು, ಹತ್ತಿ ತುಂಬಿದ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಬಾಗಿಲಿಗೇ ಬಂದ. ಕಲಾಕೃತಿ ಎಲ್ಲಿ ಎಂದು ಕೇಳಿದ.

"ತಿಂದುಬಿಟ್ಟೆ," ಎಂದಳು ಅವಳು.