ದೂರದ ಕಣ್ಣು, ಹತ್ತಿರದ ಕಣ್ಣು

ಆಗ ನನಗೆ ಅರವತ್ತೇಳು. ಐದು ವರ್ಷದ ಹಿಂದಿನ ಮಾತು. ನೆನಪಾಗಲು ಕಾರಣ ಮೊಮ್ಮಗಳು ಸ್ನೇಹಾ. ನಿನ್ನೆ ಸಂಜೆ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಬೈಯಲು ಶುರು ಮಾಡಿದಳು. ನನ್ನನ್ನಲ್ಲ, ಆಟ ತಯಾರಿಸುವವರನ್ನು. ಅವಳು ಬಹಳ ದಿನದಿಂದ ಕಾಯುತ್ತಿದ್ದ ಆಟವೊಂದು ಬಂದಿದೆಯಂತೆ. ಬಂದರೇನು, ಅದು ಟಿವಿಯ ಮೇಲೆ ಮಾತ್ರ ಆಡಲು ಬರುತ್ತದಂತೆ, ಕೈಯಲ್ಲಿ ಹಿಡಿದು ಆಡಲು ಬರುವುದಿಲ್ಲವಂತೆ.

“ಎರಡೂ ಕಡೆ ಆಡಾಕ ಬರ್ಲಿ ಅಂತನಽ ಆ ಮಷೀನ್ ಮಾಡ್ಯಾರ. ಮತ್ತ ಆಟ ಒಂದಽ ಕಡೆ ಯಾಕ? ನೀನಽ ಹೇಳು, ಆಯಿ.”

ಕೇಳಬೇಕಾದವಳನ್ನೇ ಕೇಳಿದಳು. ಈ ವಿಷಯದಲ್ಲಿ ನನ್ನಷ್ಟು ಪೆಟ್ಟು ತಿಂದವರು ಕಮರಿಪೇಟೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಒಂದು ಹಾಳೆ ಬರೆಯಲು ಒಂದು ದಿನ ಹಿಡಿಯುತ್ತದೆ. ಅಷ್ಟು ಹೊತ್ತು ಒಂದೇ ಕಡೆ ಕೂರುವುದು ನನ್ನಿಂದ ಆಗುವುದಿಲ್ಲ. ಇದನ್ನು ಬರೆಯುತ್ತಲೇ ನಾಲ್ಕು ಸಲ ಎದ್ದು ಹೋಗಿ ಬಂದಿದ್ದೇನೆ. ಮಾತು ಅಲ್ಲಲ್ಲಿ ಹರಿದಿದ್ದರೆ ನೀವೇ ಹೊಲಿದುಕೊಳ್ಳಿ.

ಮೊದಲು ಯಂತ್ರ ಹೇಳುತ್ತೇನೆ. ಸಾಲಿ ಪಾಟಿಗಿಂತ ಸಣ್ಣದು, ಮುಖವೆಲ್ಲ ಪರದೆ. ಎರಡು ಕೈಯಲ್ಲಿ ಹಿಡಿದರೆ ಆಟ ಅಲ್ಲೇ ನಡೆಯುತ್ತದೆ. ಟಿವಿಯ ಪಕ್ಕ ಅದಕ್ಕೊಂದು ಕರಿ ಸ್ಟ್ಯಾಂಡ್, ಮೇಲೆ ತೆರೆದ ಬಾಯಿ. ಆ ಬಾಯಿಯೊಳಗೆ ಯಂತ್ರವನ್ನು ಇಳಿಸಿದರೆ ಆಟ ಟಿವಿಗೆ ಹಾರುತ್ತದೆ. ಎರಡು ಬದಿಯ ತುಂಡುಗಳನ್ನು ಬಿಚ್ಚಿಕೊಂಡರೆ ಇಬ್ಬರು ಆಡಬಹುದು, ಒಬ್ಬೊಬ್ಬರಿಗೆ ಒಂದೊಂದು ತುಂಡು. ಸ್ನೇಹಾಳಿಗೆ ಹನ್ನೆರಡು ತುಂಬಿದ್ದಕ್ಕೆ ಅವಳ ಸೋದರಮಾವ ತಂದುಕೊಟ್ಟಿದ್ದ. ಅಷ್ಟು ದುಡ್ಡಿಗೆ ಕಿವಿಗೊಂದು ಓಲೆ ಬರುತ್ತಿತ್ತು ಎಂದೆ. ಯಾರೂ ಕೇಳಲಿಲ್ಲ.

ನಮ್ಮ ಮನೆ ಒಂದೇ, ಒಲೆ ಎರಡು. ನನ್ನ ಗಂಡ ಮತ್ತು ಮೈದುನ ಬೇರೆಯಾದಾಗ ಅಡುಗೆಮನೆಯ ನಡುವೆ ಗೋಡೆ ಎಬ್ಬಿಸಿದರು. ಗೋಡೆಗೊಂದು ಬಾಗಿಲು, ಬಾಗಿಲಿಗೆ ಎರಡೂ ಕಡೆ ಚಿಲಕ. ಅಣ್ಣತಮ್ಮಂದಿರು ಆಸ್ತಿಗಾಗಿ ಬೇರೆಯಾದರು ಎಂದು ಓಣಿಯವರು ತಿಳಿದರು. ಖರೆ ಕಾರಣ ಶೇಂಗಾ ಹಿಂಡಿ. ನಾನು ಬೆಳ್ಳುಳ್ಳಿ ಜಾಸ್ತಿ ಹಾಕುತ್ತೇನೆ, ಮೈದುನನ ಹೆಂಡತಿ, ನನ್ನ ನೆಗೆಣ್ಣಿ ಶಾಂತವ್ವ ಹಾಕುವುದೇ ಇಲ್ಲ. ಇಬ್ಬರೂ ಒಂದೇ ಕುಟ್ಟುವ ಕಲ್ಲಿನಲ್ಲಿ ಕುಟ್ಟುತ್ತಿದ್ದೆವು. ಅವಳ ಹಿಂಡಿ ಬೆಳ್ಳುಳ್ಳಿ ನಾರುತ್ತಿತ್ತು, ನನ್ನದು ನಾರುತ್ತಿರಲಿಲ್ಲ. ಗಂಡಸರು ಇಬ್ಬರೂ ತೀರಿಹೋದರು. ಗೋಡೆ ಉಳಿಯಿತು, ನಾವೂ ಉಳಿದೆವು. ಶಾಂತವ್ವನ ಮಗಳು ಮದುವೆಯಾಗಿ ಗದಗಿನಲ್ಲಿದ್ದಳು. ಆ ಕಡೆ ಶಾಂತವ್ವ ಒಬ್ಬಳೇ, ಈ ಕಡೆ ನಾನು, ಮಗ ಮಲ್ಲು, ಸೊಸೆ ಸುಜಾತಾ, ಸ್ನೇಹಾ.

ಸ್ನೇಹಾಳ ಯಂತ್ರದಲ್ಲಿ ಇದ್ದದ್ದು ಏನು ಅಂತೀರಿ? ಅಡುಗೆ ಆಟ. ಒಂದು ಅಡುಗೆಮನೆ, ಟೊಪ್ಪಿಗೆ ಹಾಕಿದ ಎರಡು ಗೊಂಬೆ. ಉಳ್ಳಾಗಡ್ಡಿ ಹೆಚ್ಚಬೇಕು, ಬೇಯಿಸಬೇಕು, ಬಡಿಸಬೇಕು, ತಾಟು ತೊಳೆಯಬೇಕು. ತಡವಾದರೆ ಒಲೆಗೆ ಬೆಂಕಿ ಹತ್ತುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹುಡುಗಿಗೆ ಜೋಡಿಯಾಗಿ ಸಿಕ್ಕವಳು ನಾನು. ತನಗೆ ಓದುವ ಅಭ್ಯಾಸ ಇದ್ದ ದಿನ ನನ್ನ ಜೋಡಿ ಸಣ್ಣಾಯಿ ಆಡಲಿ ಎಂದು ಒಂದು ಮಧ್ಯಾಹ್ನ ಸ್ನೇಹಾಳೇ ಶಾಂತವ್ವನನ್ನು ಕರೆಯಲು ನಡುವಿನ ಬಾಗಿಲು ಬಡಿದಳು. ಹದಿನೆಂಟು ವರ್ಷ ಒಂದು ಅಡುಗೆಮನೆಯಲ್ಲಿ ನಿಲ್ಲದ ನಾವಿಬ್ಬರೂ ಟಿವಿಯೊಳಗಿನ ಅಡುಗೆಮನೆಯಲ್ಲಿ ನಿಂತೆವು.

“ಯಕ್ಕಾ, ಉಳ್ಳಾಗಡ್ಡಿ ಹೆಚ್ಚು, ನಿಂತಿ ಯಾಕ?” ಎಂದಳು ಶಾಂತವ್ವ.

“ನಿಂತಾಕಿ ನೀನು. ಕೆಂಪು ಟೊಪಗಿಯಾಕಿ ನಾ.”

“ಕೆಂಪಾಕಿ ನಾ ಅಲ್ಲೇನು?”

“ನೀ ನೀಲಿಯವ್ವಾ! ಅರ್ಧ ತಾಸು ಆತು, ನಿನ್ನ ಗೊಂಬಿಗೇ ನೀ ಬೈಯಾಕತ್ತಿ.”

ಅವಳಿಗೆ ಟಿವಿಯ ಮೇಲೆ ಕೆಂಪು ಯಾವುದು ನೀಲಿ ಯಾವುದು ಕಾಣುತ್ತಿರಲಿಲ್ಲ. ಶಾಂತವ್ವನ ಕಣ್ಣು ಹತ್ತಿರದ್ದು. ಆ ವಯಸ್ಸಿನಲ್ಲೂ ಚಶ್ಮಾ ಇಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು, ಅಂಗಳದಲ್ಲಿ ಬಂದವರು ಹೆಣ್ಣೋ ಗಂಡೋ ಗೊತ್ತಾಗುತ್ತಿರಲಿಲ್ಲ. ನನ್ನದು ಉಲ್ಟಾ. ಓಣಿಯ ಆ ತುದಿಯಲ್ಲಿ ಯಾರು ಯಾರ ಕೂಡ ನಿಂತು ಮಾತಾಡುತ್ತಾರೆ ಎಂದು ಕಟ್ಟೆಯ ಮೇಲೆ ಕುಳಿತು ಹೇಳುತ್ತೇನೆ, ಕೈಯಲ್ಲಿನ ಅಕ್ಕಿಯೊಳಗಿನ ಹರಳು ಕಾಣುವುದಿಲ್ಲ. ಚಶ್ಮಾ ಇರಲಿಲ್ಲವೇ ಎಂದು ಕೇಳುತ್ತೀರಿ. ನನ್ನದರ ಮೇಲೆ ನಾನೇ ಕುಳಿತು ಮುರಿದಿದ್ದೆ. ಅವಳಿಗೆ ಪೊರೆ ಬಂದಿತ್ತು, ಆಪರೇಷನ್ ಎಂದರೆ ಗದಗಿಗೆ ಓಡುತ್ತಿದ್ದಳು.

ಹೀಗಾಗಿ ಟಿವಿಯ ಮೇಲೆ ಆಡುವಾಗ ಶಾಂತವ್ವ ಹೋಗಿ ಟಿವಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದಳು. ಒಂದು ಕೈ ಟಿವಿ ಇಟ್ಟ ಕಪಾಟಿನ ಮೇಲೆ, ಸ್ಟ್ಯಾಂಡಿನ ಪಕ್ಕ.

“ನಿನ್ನ ತಲಿ ತಗಿಯವಾ, ಅನ್ನ ಹೊತ್ತಾಕತ್ತೇತಿ!”

“ತಲಿ ತಗದ್ರ ನನಗ ಒಲಿನಽ ಕಾಣೂದಿಲ್ಲ.”

ಯಂತ್ರವನ್ನು ತೆಗೆದು ಡಬ್ಬಿಗೆ ಒರಗಿಸಿ ಮುಂದೆ ಕುಳಿತರೆ ಅವಳು ರಾಣಿ. ನನಗೆ ಆಗ ಅಡುಗೆಮನೆಯಿಲ್ಲ, ಗೊಂಬೆಯಿಲ್ಲ, ಬರೀ ಮಂಜು. ಕೊನೆಗೆ ಒಂದು ದಿನ ಟಿವಿ, ಒಂದು ದಿನ ಕೈ ಎಂದು ಸ್ನೇಹಾ ಪಾಳಿ ಹಚ್ಚಿದಳು. ಟಿವಿ ದಿನ ನಾನು ಅತ್ತೆ, ಶಾಂತವ್ವ ಸೊಸೆ. ನಾನು ಹೇಳಿದ ಹಾಗೆ ಅವಳು ಗುಂಡಿ ಒತ್ತಬೇಕು. ಕೈ ದಿನ ಅವಳು ಅತ್ತೆ. “ಬಲಕ್ಕ ಹೋಗು. ಬಲಕ್ಕ ಅಂದ್ರ ಉಣ್ಣೂ ಕೈ. ಯಕ್ಕಾ, ನೀ ಯಾವ ಕೈಲೆ ಉಣ್ಣತಿ?” ಎಂದು ಬೈಸಿಕೊಂಡು ಆಡುತ್ತಿದ್ದೆ. ಹದಿನೆಂಟು ವರ್ಷದ ಬೈಗುಳ ಇಬ್ಬರಲ್ಲೂ ಉಳಿದಿತ್ತು, ಅಲ್ಲಿ ಖರ್ಚಾಯಿತು.

ಯಂತ್ರದೊಳಗೆ ಬೇರೆ ಆಟಗಳೂ ಇದ್ದವು. ಒಂದು ನಿಂತು ಕೈ ಬೀಸುವ ಆಟ, ಟಿವಿ ಇದ್ದರೆ ಮಾತ್ರ. ಶಾಂತವ್ವ ಮೂಲೆಗೆ ಕುಳಿತು ಬತ್ತಿ ಹೊಸೆದಳು. ಇನ್ನೊಂದು ಪರದೆಯ ಮೇಲೆ ಬೆರಳು ಆಡಿಸುವುದು, ಕೈಯಲ್ಲಿ ಇದ್ದರೆ ಮಾತ್ರ. ನಾನು ಎದ್ದು ಹಿತ್ತಲಿಗೆ ಹೋದೆ. ಇಂಥ ಆಟ ಮಾಡುವವರ ಮನೆಯಲ್ಲಿ ಎಲ್ಲರ ಕಣ್ಣೂ ಒಂದೇ ನಮೂನೆ ಇರಬೇಕು, ಇಲ್ಲವೆ ಮನೆಯಲ್ಲಿ ಒಬ್ಬರೇ ಇರಬೇಕು. ನನ್ನ ಮಗನಿಗೆ ಕೈಯಲ್ಲಿ ಆಡಿದರೆ ಸಾಕು, ಕ್ರಿಕೆಟ್ಟಿಗೆ ಟಿವಿ ಖಾಲಿ ಸಿಗುತ್ತದೆ. ಸೊಸೆಗೆ ಟಿವಿಯೇ ಬೇಕು, ಹುಡುಗಿ ಕಣ್ಣ ಮುಂದೆ ಇರುತ್ತಾಳೆ. ಇಬ್ಬರೂ ತಮ್ಮ ತಮ್ಮ ಲಾಭ ನೋಡಿದರು. ನಾನೂ ನನ್ನದೇ ನೋಡಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಶಾಂತವ್ವ ಬರದ ದಿನ ನನ್ನ ಗೊಂಬೆ ಆ ದೊಡ್ಡ ಅಡುಗೆಮನೆಯಲ್ಲಿ ಒಂದೇ ಓಡಾಡುತ್ತಿತ್ತು. ಅದು ನನಗೆ ಸೇರುತ್ತಿರಲಿಲ್ಲ.

ಹಾಗಿರುವಾಗ ಖಂಡೆಪೂಜೆ ಬಂತು. ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ಅವತ್ತು ಪೂಜೆ. ಸುಜಾತಾ ಸ್ಕೂಟರಿಗೆ, ಮಿಕ್ಸರಿಗೆ, ಟಿವಿಗೆ ಒಣ ವಿಭೂತಿ ತೀಡಿ, ಹೂ ಏರಿಸಿ ಕೈ ತೊಳೆದಳು. ಸ್ಟ್ಯಾಂಡಿನ ಮೇಲೂ ಒಂದು ಹೂ ಇಟ್ಟಳು. ಇದೆಂಥ ಪೂಜೆ? ನಮ್ಮ ಅತ್ತೆ ಕಲಿಸಿದ್ದು ಹಾಗಲ್ಲ. ಯಾವುದೇ ಸಾಮಾನು ಎಲ್ಲಿ ಕೆಲಸ ಮಾಡುತ್ತದೋ ಅಲ್ಲಿ ವಿಭೂತಿ ಮುಟ್ಟಬೇಕು. ಬೀಸುವ ಕಲ್ಲಿಗೆ ಬಾಯೊಳಗೆ, ಈಳಿಗೆಗೆ ಅಲಗಿಗೆ, ತಕ್ಕಡಿಗೆ ನಾಲಗೆಗೆ. ಮೈಗೆ ಹಚ್ಚಿದ್ದು ನೋಡುವವರಿಗೆ, ಬಾಯಿಗೆ ಹಚ್ಚಿದ್ದು ಸಾಮಾನಿಗೆ ಎನ್ನುತ್ತಿದ್ದಳು. ಯಂತ್ರ ಸ್ನೇಹಾಳ ಕೈಯಲ್ಲಿತ್ತು, ಸ್ಟ್ಯಾಂಡ್ ಬಾಯಿ ತೆರೆದು ಕುಳಿತಿತ್ತು. ನಾನು ವಿಭೂತಿ ನೆನೆಸಿ ತೇಯ್ದೆ. ಬೆರಳು ಒಳಗೆ ಇಳಿಸಿದಾಗ ತಳದಲ್ಲಿ ಸಣ್ಣ ನಾಲಗೆಯಂಥದ್ದು ಸಿಕ್ಕಿತು. ತಕ್ಕಡಿಯ ಹಾಗೆ ಇದಕ್ಕೂ ನಾಲಗೆ ಇದೆ ಎಂದು ಖುಷಿಯಾಯಿತು. ದಪ್ಪಗೆ ಹಚ್ಚಿದೆ. ಮೂರು ಸಲ.

ಸಂಜೆ ಯಂತ್ರ ಇಳಿಸಿದರೆ ಟಿವಿ ಕರ್ರಗೆ. ಮಲ್ಲು ವೈರು ಕಿತ್ತ, ಚುಚ್ಚಿದ, ಬಡಿದ. ಆಮೇಲೆ ಹೋಳಿಗೆ ಕೊಡಲು ಬಂದಿದ್ದ ಶಾಂತವ್ವನ ಕಡೆ ತಿರುಗಿದ.

“ಚಿಗವ್ವಾ, ದಿನಾ ಇದರ ಮ್ಯಾಲ ಕೈ ಊರಿ ನಿಲ್ಲತಿದ್ದಿ. ಮುರದಿ ನೋಡು.”

“ನಾ ಮುಟ್ಟಿಲ್ಲೋ ತಮ್ಮಾ.”

“ನೀ ಅಲ್ದ ಅಲ್ಲೆ ಯಾರು ನಿಲ್ಲತಾರ?”

ನನಗೆ ಅದೇ ಕ್ಷಣ ತಿಳಿಯಿತು, ಕೆಡಿಸಿದ್ದು ನಾನು ಹಚ್ಚಿದ ಹಸಿ ವಿಭೂತಿ. ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದೆ. ಶಾಂತವ್ವ ಬಗ್ಗಿ ಸ್ಟ್ಯಾಂಡಿನ ಬಾಯಿಗೆ ಮೂಗು ಹಚ್ಚಿ ನೋಡಿದಳು. ಎದ್ದಳು. ಹೋಳಿಗೆಯ ತಾಟನ್ನು ಅಲ್ಲೇ ಬಿಟ್ಟು ತನ್ನ ಕಡೆ ಹೋದಳು. ನಡುವಿನ ಬಾಗಿಲಿಗೆ ಆ ಕಡೆಯಿಂದ ಚಿಲಕ ಬಿತ್ತು.

ಹೊಸ ಸ್ಟ್ಯಾಂಡ್ ತರುವುದಿಲ್ಲ, ಕೈಯಲ್ಲೇ ಆಡಿರಿ ಎಂದು ಮಲ್ಲು ತೀರ್ಪು ಕೊಟ್ಟ. ಮುಂದಿನ ಎಂಟು ದಿನ ನಾನು ನಿಂತಲ್ಲಿ ನಿಲ್ಲಲಿಲ್ಲ. ತೊಳೆದ ಪಾತ್ರೆ ತೊಳೆದೆ. ಕಟ್ಟೆಗೆ ಹೋದೆ, ಬಂದೆ, ಹಿತ್ತಲಿಗೆ ಹೋದೆ, ಬಂದೆ. ಕೈಯಂತ್ರವನ್ನು ತೋಳು ಚಾಚಿ ಹಿಡಿದು ನೋಡಿದೆ, ತೋಳು ಇನ್ನೊಂದು ಗೇಣು ಉದ್ದ ಇದ್ದಿದ್ದರೆ ಎನಿಸಿತು. ಗೋಡೆಯಾಚೆ ಶಾಂತವ್ವ ರೊಟ್ಟಿ ಬಡಿಯುವುದು ಕೇಳುತ್ತಿತ್ತು. ಎರಡು ರೊಟ್ಟಿ, ಮುಗಿಯಿತು.

ನಾನು ಸುಮ್ಮನಿದ್ದದ್ದು ಮಗ ಬೈದಾನೆಂದು ಅಲ್ಲ. ಪೂಜೆ ಮಾಡಿ ಕೆಡಿಸಿದಳು ಎಂದರೆ ಸೊಸೆ ನಗುತ್ತಾಳೆ, ಮುಂದಿನ ವರ್ಷ ನನ್ನ ಕೈಗೆ ವಿಭೂತಿ ಗಟ್ಟಿ ಕೊಡುವುದಿಲ್ಲ. ಮನೆಯಲ್ಲಿ ನನಗೆ ಉಳಿದ ಅಧಿಕಾರ ಅದೊಂದೇ ಇತ್ತು. ಅದನ್ನು ಉಳಿಸಿಕೊಳ್ಳಲು ನೆಗೆಣ್ಣಿಯನ್ನು ಕಳ್ಳಿ ಮಾಡಿದೆ. ಲೆಕ್ಕ ಅಷ್ಟೇ.

ಒಂಬತ್ತನೆಯ ದಿನ ಮಧ್ಯಾಹ್ನ ಸ್ನೇಹಾ ಸ್ಟ್ಯಾಂಡಿನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡುತ್ತಿದ್ದಳು.

“ಆಯಿ, ಒಳಗ ಬೆಳ್ಳಗ ಏನೋ ಗಟ್ಟಿ ಆಗೇತಿ. ಸುಣ್ಣ ಏನು?”

“ಇಡು ಅದನ್ನ,” ಎಂದವಳೇ ಹೋಗಿ ನಡುವಿನ ಬಾಗಿಲು ಬಡಿದೆ. “ಶಾಂತಾ, ತಗಿ. ಕೆಡಿಸಿದಾಕಿ ನಾ.”

ಚಿಲಕ ತೆಗೆದಳು. ಕೈಯೆಲ್ಲ ಹಿಟ್ಟು.

“ಗೊತ್ತೈತಿ.”

“ಹೆಂಗ ಗೊತ್ತು?”

“ಹತ್ತರದ್ದು ನನಗ ಕಾಣತೈತಿ, ಯಕ್ಕಾ. ಅವತ್ತಽ ಕಂಡೇನಿ. ಬಾಯಾಗ ಇಬತ್ತಿ ಹಚ್ಚಬೇಕು ಅಂತ ಕಲಿಸಿದಾಕಿ ನಮ್ಮ ಅತ್ತಿ. ಆಕೀ ಸೊಸಿಯಂದ್ರು ನಾವಿಬ್ಬರಽ. ನಾ ಅಂತೂ ಹಚ್ಚಿಲ್ಲ.”

“ಮತ್ತ ಅವತ್ತಽ ಯಾಕ ಹೇಳಲಿಲ್ಲ?”

“ನೀ ಹೇಳ್ತಿ ಏನು ಅಂತ ನೋಡಿದ್ನಿ. ಎಂಟು ದಿನ ನೋಡಿದ್ನಿ.” ಸೆರಗಿನಿಂದ ಹಿಟ್ಟು ಒರೆಸಿಕೊಂಡಳು. “ನನ್ನ ಮುಂದ ಹೇಳಿ ಏನ ಉಪಯೋಗ? ಮಲ್ಲೂನ ಮುಂದ ಹೇಳು. ಸೊಸಿ ಇರ್ಬೇಕು, ಹುಡುಗಿ ಇರ್ಬೇಕು. ಇಲ್ಲಂದ್ರ ಈ ಬಾಗ್ಲಾ ಇನ್ನ ತೆಗಿಯೂದಿಲ್ಲ ನಾ. ಬೇಕಾದ್ರ ಇಟ್ಟಂಗಿ ತರಸಿ ಮುಚ್ಚಸ್ತೇನಿ.”

ತಮಾಷೆ ಮಾಡುತ್ತಿರಲಿಲ್ಲ. ಇಟ್ಟಂಗಿ ತರಿಸುವ ಹೆಂಗಸೇ ಅವಳು.

ಸ್ನೇಹಾಳಿಗೆ ನಿನ್ನೆ ನಾನು ಕೊಟ್ಟ ಉತ್ತರ ಇಷ್ಟು. ಟಿವಿಯೂ ಇರಲಿ, ಕೈಯೂ ಇರಲಿ. ಒಂದೇ ಇದ್ದರೆ ಮನೆಯಲ್ಲಿ ಯಾರೋ ಒಬ್ಬರು ಆಟದ ಹೊರಗೆ ಕೂರುತ್ತಾರೆ. ಹೊರಗೆ ಕುಳಿತವರ ಮೇಲೆ ತಪ್ಪು ಹೊರಿಸುವುದು ಬಹಳ ಸುಲಭ. ಅವಳು ಈ ಮಾತನ್ನು ಆ ಆಟದವರಿಗೆ ಬರೆದು ಕಳಿಸುತ್ತೇನೆ ಎಂದಳು. ಕಳಿಸಲಿ. ಹಿಂಡಿಯ ಮಾತು ಬರೆಯಬೇಡ ಎಂದೆ.

ಆಗ ಶಾಂತವ್ವ ಇಟ್ಟಂಗಿಯ ಮಾತಾಡಿದ ಮರುದಿನ ಮುಂಜಾನೆ ಮಲ್ಲು ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ. ಸುಜಾತಾ ಡಬ್ಬಿ ಕಟ್ಟುತ್ತಿದ್ದಳು, ಸ್ನೇಹಾ ಹೆರಳು ಹಾಕಿಕೊಳ್ಳುತ್ತಿದ್ದಳು. ಶಾಂತವ್ವನನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿದೆ.

“ಮಲ್ಲೂ, ಸ್ಟ್ಯಾಂಡ್ ಕೆಡಿಸಿದಾಕಿ ನಾ. ಅದರ ಬಾಯಾಗ ಹಸಿ ಇಬತ್ತಿ ಹಚ್ಚೇನಿ. ನಿಮ್ಮ ಚಿಗವ್ವನ ಮ್ಯಾಲ ಬಂದಾಗ ಗೊತ್ತಿದ್ದೂ ಸುಮ್ಮ ಕುಂತೇನಿ.”

ಸುಜಾತಾ ಬಾಯಿಗೆ ಕೈ ಅಡ್ಡ ಹಿಡಿದಳು. “ಬಾಯಾಗ ಹಚ್ಚೀರೇನ್ರಿ, ಅತ್ತಿ?” ಎಂದು ಕೇಳುವುದರೊಳಗೆ ನಗು ಹೊರಬಿತ್ತು.

“ನಗು, ನಕ್ಕು ಮುಗಸು,” ಎಂದೆ.

ಮಲ್ಲು ಸೋಪಿನ ಮುಖದಲ್ಲೇ ಶಾಂತವ್ವನ ಕಡೆ ಬಂದ. “ಚಿಗವ್ವಾ, ತಪ್ಪಾತು.”

“ನೀ ಕಣ್ಣಿಗೆ ಕಂಡಷ್ಟು ಅಂದಿ, ನಿಂದೇನಲ್ಲ ಬಿಡಪಾ. ಬಾಯಿ ಇದ್ದಾಕಿ ಸುಮ್ಮ ಕುಂತಿದ್ಲಲ್ಲ, ಆಕೀಗೆ ನಾ ಆಮ್ಯಾಲ ಬೈಯತೇನಿ. ನೀ ಗಡ್ಡಾ ಮಾಡ್ಕೋ.”

ರಿಪೇರಿ ಅಂಗಡಿ ಎಲ್ಲಿದೆ ಎಂದು ಸ್ನೇಹಾಳನ್ನು ಕೇಳಿಕೊಂಡೆ. ಸ್ಟ್ಯಾಂಡನ್ನು ಹಳೆ ಪತ್ತಲದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿ ಹೊರಟೆ. ಓಣಿ ದಾಟುವಷ್ಟರಲ್ಲಿ ಹಿಂದಿನಿಂದ ಚಪ್ಪಲಿ ಸಪ್ಪಳ, ಶಾಂತವ್ವ. ಬಸ್ಸಿನಲ್ಲಿ ಪಕ್ಕಪಕ್ಕ ಜಾಗ ಸಿಕ್ಕಿತು. ಕುಳಿತವಳೇ ನನ್ನ ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಮೇಲೆ ಎರಡೂ ಕೈ ಇಟ್ಟಳು.

“ಕೊಡು ಇಲ್ಲೆ,” ಎಂದೆ.

ಕೊಡಲಿಲ್ಲ.