ಹಲಗೆಯ ಬಲತುದಿ

ಹಳೆಯ ಟ್ರಂಕಿನ ತಳದಲ್ಲಿ ಮೊನ್ನೆ ಜೊಂಡುಕಡ್ಡಿಯ ಲೇಖನಿಯೊಂದು ಸಿಕ್ಕಿತು. ಉರ್ದು ಬರೆಯಲೆಂದು ತುದಿಯನ್ನು ಓರೆಯಾಗಿ ಕತ್ತರಿಸಿದ್ದು. ಮೂಸಿ ನೋಡಿದೆ. ಮಸಿಯ ವಾಸನೆ ಎಂದೋ ಹೋಗಿದೆ, ಬರೀ ಧೂಳು. ಆದರೂ ನಮ್ಮ ಹೈಸ್ಕೂಲಿನ ಲೆಕ್ಕದ ಮಾಸ್ತರರು ಕಣ್ಣೆದುರು ಬಂದು ನಿಂತರು...

ಹಿಟ್ನಾಳದಲ್ಲಿ ಕನ್ನಡ ಶಾಲೆ ಮುಗಿಸಿ ನಾನು ಕೊಪ್ಪಳಕ್ಕೆ ಬಂದಾಗ ನಿಜಾಮರ ಆಳ್ವಿಕೆ. ಲೆಕ್ಕ, ಚರಿತ್ರೆ ಎಲ್ಲವೂ ಉರ್ದುವಿನಲ್ಲಿ. ನನಗೋ ಒಂದಕ್ಷರವೂ ಬಾರದು. ಕೊಪ್ಪಳಕ್ಕೆ ಹತ್ತಿಕೊಂಡೇ ಇರುವ ಭಾಗ್ಯನಗರದಲ್ಲಿ ಪರಿಚಯದವರ ಪಡಸಾಲೆಯಲ್ಲಿ ಮಲಗುತ್ತಿದ್ದೆ. ಮಾತಿಗೆ ಯಾರೂ ಇರಲಿಲ್ಲ. ಮೊದಲ ವಾರವೇ ತರಗತಿಯ ಕರಿಹಲಗೆಯ ಮೇಲೆ ಉರ್ದುವನ್ನೂ ಕನ್ನಡದಂತೆ ಎಡದಿಂದ ಬರೆಯಲು ಹೋದೆ. ತರಗತಿಯೆಲ್ಲ ನಕ್ಕಿತು, ನಾನು ಅತ್ತುಬಿಟ್ಟೆ.

ಮಾಸ್ತರರು ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು ಬಲತುದಿಗೆ ಕರೆದೊಯ್ದರು.

"ಅಳಬ್ಯಾಡ ತಮ್ಮಾ. ಬಲಗಡಿಯಿಂದ ಸುರು ಮಾಡು. ಕೈ ತಾನ ರೂಢಿ ಆಗತೈತಿ."

ತಾವೇ ಕೆತ್ತಿದ ಈ ಲೇಖನಿ ಕೊಟ್ಟು, ದಿನಾ ಮಧ್ಯಾಹ್ನದ ಬಿಡುವಿನಲ್ಲಿ ಕೂಡಿಸಿಕೊಂಡು ಕಲಿಸಿದರು. ಆ ಊರಿನಲ್ಲಿ ನನಗಿದ್ದವರು ಅವರೊಬ್ಬರೇ.

ಮುಂದೆ ನಿಜಾಮರ ಆಳ್ವಿಕೆ ಹೋಯಿತು, ಪಾಠಗಳು ಕನ್ನಡಕ್ಕೆ ತಿರುಗಿದವು. ನಮಗೆ ಹಬ್ಬ. ಮಾಸ್ತರರು ಕುಷ್ಟಗಿ ಕಡೆಯವರು, ಸಂತೆಯಲ್ಲಿ ನಮಗಿಂತ ಸೊಗಸಾಗಿ ಕನ್ನಡ ಮಾತಾಡುತ್ತಿದ್ದರು. ಓದಿದ್ದೆಲ್ಲ ಉರ್ದುವಿನಲ್ಲಿ, ಕನ್ನಡ ಬರೆದು ಮಾತ್ರ ಗೊತ್ತಿರಲಿಲ್ಲ. ತಲೆ ನರೆತ ಮೇಲೆ ಅಕ್ಷರ ತಿದ್ದಿದರು. ಕನ್ನಡದಲ್ಲಿ ಪಾಠ ಮಾಡಲಾಗದಿದ್ದರೆ ಅವರ ನೌಕರಿ ಉಳಿಯುವುದಿಲ್ಲ ಎಂಬ ಮಾತು ನಮ್ಮ ಕಿವಿಗೂ ಬಿದ್ದಿತ್ತು.

ಪಾಠ ನೋಡಲು ಇಲಾಖೆಯ ಸಾಹೇಬರು ಬಂದ ದಿನ ಮಾಸ್ತರರು ಸೀಮೆಸುಣ್ಣ ಹಿಡಿದು, ಇಷ್ಟು ವರ್ಷದ ರೂಢಿಯಂತೆ, ಹಲಗೆಯ ಬಲತುದಿಗೇ ಹೋಗಿ ನಿಂತರು. ಕನ್ನಡದ ಎರಡಕ್ಷರ ಬರೆಯುವಷ್ಟರಲ್ಲಿ ಹಲಗೆ ಮುಗಿದು, ಮೂರನೆಯದು ಗೋಡೆಯ ಮೇಲೆ ಬಿತ್ತು. ಎಲ್ಲರೂ ಗೊಳ್ಳೆಂದರು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾಸ್ತರರು ತಿರುಗಿ ನನ್ನನ್ನು ನೋಡಿದರು.

ಮರುದಿನ ತಪ್ಪಾಯಿತೆನ್ನಲು ಗಂಟೆಗೆ ಮೊದಲೇ ಹೋದೆ. ಖಾಲಿ ತರಗತಿಯಲ್ಲಿ ಒಬ್ಬರೇ ಬರೆಯುತ್ತಿದ್ದರು. ಹಲಗೆಯ ಎಡತುದಿಗೆ ಸುಣ್ಣದ ದುಂಡನೆಯ ಗುರುತು. ಒಂದು ಸಾಲು ಮುಗಿದ ಕೂಡಲೇ ಅಲ್ಲಿಗೆ ನಡೆದು, ಗುರುತಿನ ಮೇಲೆ ಬೆರಳಿಟ್ಟು, ಮತ್ತೊಂದು ಸಾಲು. ನಾಚಿಕೆಯಾಯಿತು. ಬಾಗಿಲಿನಿಂದಲೇ ಸದ್ದಿಲ್ಲದೆ ಹಿಂದೆ ಸರಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ...

ವಾರದೊಳಗೆ ಅವರ ಜಾಗಕ್ಕೆ ಬೇರೆಯವರು ಬಂದರು. ಶಾಲೆಯ ಜವಾನನನ್ನು ಕೇಳಿದೆ.

"ನೌಕರಿ ಬಿಡಿಸ್ಯಾರ, ಊರಿಗೆ ಹೋಗ್ಯಾರ. ಹೋಗಾಗ ಕೇಳಿದ್ರಪಾ, ಹಿಟ್ನಾಳದ ಹುಡುಗ ಬಂದಾನೇನು ಅಂತ."

ಹೊಸಬರು ಹಲಗೆ ಒರೆಸಿದಾಗ ಆ ಗುರುತೂ ಹೋಯಿತು.

ಕುಷ್ಟಗಿ ದೂರವೇನಲ್ಲ. ನಾನು ಹೋಗಲಿಲ್ಲ. ಈಗ ಹೋದರೂ ಅಲ್ಲಿ ಯಾರಿದ್ದಾರೆ... ಮೊನ್ನೆ ಆ ಲೇಖನಿಯನ್ನು ಮಸಿಯಲ್ಲಿ ಅದ್ದಿ ಕಾಗದದ ಮೇಲಿಟ್ಟೆ. ಕೈ ತಾನಾಗಿ ಬಲತುದಿಗೆ ಹೋಯಿತು. ಎಡಗಡಿಯಿಂದ ಸುರು ಮಾಡ್ರಿ ಮಾಸ್ತರ್ರ, ಕೈ ತಾನ ರೂಢಿ ಆಗತೈತಿ... ಅದೊಂದು ಮಾತು ಅವತ್ತು ನನ್ನ ಬಾಯಿಂದ ಬರಲಿಲ್ಲ.