ಮುಂದೆ ಹನ್ನೊಂದು, ಹಿಂದೆ ಹತ್ತು

ಹಿಂದಕ್ಕನಿಗೆ ಆ ಹೆಸರು ಬಂದದ್ದು ಬೋಟಿನಲ್ಲಿ ಅವಳು ಕೂರುವ ಜಾಗದಿಂದ. ವರ್ಷಕ್ಕೊಮ್ಮೆ ನದಿಯ ಡಾಲ್ಫಿನ್‌ಗಳನ್ನು ಎಣಿಸುವ ದಿನ ಹಿಂಬದಿಯ ಎತ್ತರದ ಸ್ಟೂಲು ಅವಳದು. ಮುಂಬದಿಯ ಸ್ಟೂಲು ಅವಳ ನಾದಿನಿಯದು. ಹಾಗಾಗಿ ಅವಳು ಮುಂದಕ್ಕ. ನಡುವೆ ಎಂಜಿನ್ ಹಿಡಿದು ಕೂತವನು ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಅಣ್ಣ. ಎರಡು ಕಡೆಯಿಂದಲೂ ಬೈಸಿಕೊಳ್ಳುವುದೇ ಅವನ ಕಾಯಂ ಕೆಲಸ, ಬೋಟು ಓಡಿಸುವುದು ಏನಿದ್ದರೂ ಮೇಲುಸಂಪಾದನೆ.

ಒಬ್ಬಳ ಕಣ್ಣು ತಪ್ಪಿಸಿದ್ದು ಇನ್ನೊಬ್ಬಳಿಗೆ ಸಿಗಲಿ ಎಂದು ಇಬ್ಬರನ್ನು ಕೂರಿಸುವುದು. ಬೆನ್ನು ನೀರಿನ ಮೇಲೆ ಕಾಣುವುದು ಎರಡೇ ಎರಡು ಸೆಕೆಂಡು. ಅಷ್ಟರಲ್ಲಿ ಯಾವ ನಿಮಿಷ, ಯಾವ ದಡ, ಬೆನ್ನಿನ ರೆಕ್ಕೆ ಎಂಥದು ಎಂದು ತಂತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ‘ವೀಕ್ಷಕರು ಪರಸ್ಪರ ಮಾತನಾಡತಕ್ಕದ್ದಲ್ಲ’ ಎಂಬ ನಿಯಮದ ರಟ್ಟು ಬೋಟಿನಲ್ಲೇ ತೂಗುತ್ತಿತ್ತು. ಬೇರೆ ಬೋಟುಗಳಲ್ಲಿ ಈ ನಿಯಮ ಪಾಲಿಸಲು ಜನ ಒದ್ದಾಡುತ್ತಿದ್ದರು. ಇಲ್ಲಿ ಆ ತೊಂದರೆ ಇರಲಿಲ್ಲ. ನಾದಿನಿ ಒಯ್ದ ಮಿಕ್ಸಿ ಜಾರು ಮುಚ್ಚಳದ ರಬ್ಬರ್ ಇಲ್ಲದೆ ವಾಪಸ್ ಬಂದ ದಿನದಿಂದ, ಒಂದೇ ಗೋಡೆಯ ಆಚೆ ಈಚೆ ಬಾಳುತ್ತಿದ್ದ ಅತ್ತಿಗೆ ನಾದಿನಿ ಎಂಟು ವರ್ಷ ಒಂದು ಮಾತೂ ಆಡಿರಲಿಲ್ಲ. ಇವರಷ್ಟು ಶುದ್ಧವಾದ ಲೆಕ್ಕ ಇಡೀ ನದಿಯಲ್ಲೇ ಇಲ್ಲ ಎಂದು ಕಚೇರಿ ಹೆಮ್ಮೆಪಡುತ್ತಿತ್ತು.

ಹಳೆಯ ಮೇಡಂ ಇದ್ದಾಗ ಸಂಜೆ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡುತ್ತಿದ್ದರು. ಅದೇ ನಿಮಿಷ, ಅದೇ ದಡ ಎಂದರೆ ಅದೇ ಡಾಲ್ಫಿನ್. ಮುಂದಕ್ಕ ಹನ್ನೊಂದು ಕಂಡು ಅದರಲ್ಲೇ ಹತ್ತನ್ನು ಹಿಂದಕ್ಕನೂ ಕಂಡರೆ ನದಿಯಲ್ಲಿ ಇರುವುದು ಹನ್ನೊಂದು. ಮೇಡಂ ನಿವೃತ್ತರಾದರು. ಅವರ ಕುರ್ಚಿಗೆ ಬಂದ ಹೊಸ ಆಫೀಸರು ಕೂಡುವುದರಲ್ಲಿ ಎತ್ತಿದ ಕೈ.

“ಮುಂದೆ ಹನ್ನೊಂದು, ಹಿಂದೆ ಹತ್ತು. ಒಟ್ಟು ಇಪ್ಪತ್ತೊಂದು!” ಎಂದರು ಅವರು. “ಒಂದೇ ವರ್ಷಕ್ಕೆ ಸುಮಾರು ಡಬಲ್!”

“ಸಾರ್, ನಾನು ನೋಡಿದ ಮೀನನ್ನೇ ಅವಳೂ ನೋಡಿರ್ತಾಳೆ,” ಎಂದಳು ಹಿಂದಕ್ಕ.

“ಮೊದಲನೇದಾಗಿ ಅದು ಮೀನಲ್ಲ, ಸಸ್ತನಿ. ಎರಡನೇದು, ಹಾಗಂತ ಅವರು ಹೇಳಿದ್ರಾ?”

“ನಾವು ಮಾತಾಡಲ್ಲ ಸಾರ್.”

“ಮತ್ತೆ ನಿಮಗೆ ಹೇಗಮ್ಮ ಗೊತ್ತು?”

ಕಚೇರಿಗೆ ಪ್ರಶಸ್ತಿ ಬಂತು. ಆಫೀಸರ ಫೋಟೊ ಪೇಪರಿನಲ್ಲಿ ಬಂತು. ದಡದ ಬೋರ್ಡಿನಲ್ಲಿ ಇಪ್ಪತ್ತೊಂದು ಎಂದು ಆಳೆತ್ತರದ ಅಂಕಿ ಬರೆಸಿದರು. ಅದನ್ನು ನೋಡಿ ಹಿಂದಕ್ಕ ಮೂಗು ಮುರಿದಳೇ ಹೊರತು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಬೋರ್ಡು ಸುಳ್ಳು ಹೇಳಿದರೆ ನದಿಗೇನು ನಷ್ಟ ಎಂದುಕೊಂಡಳು. ಅಷ್ಟು ವರ್ಷ ಕಚೇರಿಯ ಸಹವಾಸ ಮಾಡಿದವಳು ಹಾಗೆ ಅಂದುಕೊಳ್ಳಬಾರದಿತ್ತು.

ಎರಡು ತಿಂಗಳಿಗೆ ಅದೇ ಬೋರ್ಡಿನ ಕೆಳಗೆ ಒಂದು ನೋಟಿಸು ಅಂಟಿತು. ಪ್ರಾಣಿಗಳ ಸಂಖ್ಯೆ ಇಮ್ಮಡಿಯಾಗಿರುವ ಕಾರಣ, ತಿರುವಿನಲ್ಲಿರುವ ಆಳದ ಮಡುವನ್ನು ಮರಳು ತೆಗೆಯುವ ದೋಣಿಗಳಿಗೆ ಬಿಟ್ಟುಕೊಡಲಾಗುವುದು, ಆಕ್ಷೇಪ ಇದ್ದವರು ಮಂಗಳವಾರ ಸಮಿತಿಯ ಮುಂದೆ ಹಾಜರಾಗಿ ಹೇಳಬಹುದು.

ಹಿಂದಕ್ಕ ಅದನ್ನು ಎರಡೆರಡು ಸಲ ಓದಿದಳು. ತಾಯಂದಿರು ಮರಿ ಹಾಕಲು ಬರುವುದು ಆ ಮಡುವಿಗೇ. ತಾಯಿ ಮೂತಿಯಿಂದ ಮೇಲಕ್ಕೆ ತಳ್ಳಿದಾಗ ಮರಿ ಮೊದಲ ಉಸಿರು ತೆಗೆದುಕೊಳ್ಳುವುದನ್ನು ಅವಳು ಮೂರು ಸಲ ಕಂಡಿದ್ದಳು. ಸ್ವಂತ ಮಗಳು ಯಾವ ತಿಂಗಳಲ್ಲಿ ಹೆಜ್ಜೆ ಇಟ್ಟಳು ಎಂದು ಕೇಳಿದರೆ ತಡವರಿಸುತ್ತಿದ್ದಳು, ಆ ಮೂರು ತಾರೀಖು ಮಾತ್ರ ಬಾಯಿಪಾಠ.

ಭಾನುವಾರ ಮಧ್ಯಾಹ್ನ ಅವಳು ಆ ವರ್ಷದ ಎಣಿಕೆಯ ಪುಸ್ತಕ ಹಿಡಿದು ಗೋಡೆಯ ಆಚೆ ಬದಿಗೆ ಹೋಗಿ ಬಾಗಿಲು ತಟ್ಟಿದಳು. ನಾದಿನಿ ಬಾಗಿಲು ತೆಗೆದು, ಭೂತ ಕಂಡವಳ ಹಾಗೆ ನಿಂತಳು.

“ಒಂಬತ್ತು ಇಪ್ಪತ್ತಕ್ಕೆ ಎಡದಡದಲ್ಲಿ ಏನು ನೋಡಿದೆ ನೀನು?” ಎಂದಳು ಹಿಂದಕ್ಕ. ಎಂಟು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

“ಬಾ ಒಳಗೆ. ರಬ್ಬರ್ ವಿಷಯ ಎತ್ತೋದಾದ್ರೆ ಅಲ್ಲೇ ನಿಲ್ಲು.”

ಅಡುಗೆಮನೆಯ ಮೇಜಿನ ಮೇಲೆ ಎರಡೂ ಪುಸ್ತಕ ಬಿಚ್ಚಿಟ್ಟರು. ಬೆನ್ನಿನ ರೆಕ್ಕೆ ನೋಡಿ ಮುಂದಕ್ಕ ‘ಹರಿದ ಜೇಬು’ ಎಂದು ಹೆಸರಿಟ್ಟದ್ದನ್ನು ಹಿಂದಕ್ಕ ‘ಮುರಿದ ಬಾಚಣಿಗೆ’ ಎಂದು ಕರೆದಿದ್ದಳು. ಇವಳ ‘ಸೊಟ್ಟಪ್ಪ’ ಅವಳ ‘ಹೆಡ್‌ಮಾಸ್ಟರು’. ಒಂದೊಂದು ಜೋಡಿ ಸಿಕ್ಕಾಗಲೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆಯಾಚೆ ಮಲಗಿದ್ದ ಬೋಟಿನವನು ಆ ನಗು ಕೇಳಿ, ಯಾರಿಗೋ ಏನೋ ಆಗಿಹೋಯಿತೆಂದು ಬರಿಗಾಲಲ್ಲಿ ಓಡಿ ಬಂದ. ಲೆಕ್ಕ ಮುಗಿದಾಗ ಹನ್ನೊಂದೇ ಬಂತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಡುವೂ ಉಳಿಯಿತು, ನಾದಿನಿಯೂ ಸಿಕ್ಕಳು ಎಂದು ಹಿಂದಕ್ಕ ಸಂತೋಷಪಟ್ಟಳು.

ಮಂಗಳವಾರ ಸಮಿತಿಯ ಅಧ್ಯಕ್ಷರು ಅವಳ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇಬ್ಬರೂ ಕೂತು ಮಾತಾಡಿ ಇದನ್ನ ಮಾಡಿದ್ರಾ?”

“ಹೌದು ಸಾರ್, ಎಂಟು ವರ್ಷ ಆದ್ಮೇಲೆ!”

ಅಧ್ಯಕ್ಷರು ಹೊಸ ಆಫೀಸರ ಮುಖ ನೋಡಿದರು. ಆಫೀಸರು ನಿಯಮ ಓದಿದರು.

“ಬರೆಯುವಾಗ ಮಾತಾಡಿಲ್ಲ ಸಾರ್,” ಎಂದಳು ಹಿಂದಕ್ಕ. “ತಾಳೆ ನೋಡೋಕೆ ಅಂತ ಆಮೇಲೆ ಮಾತಾಡಿದ್ದು.”

“ನಿಯಮದಲ್ಲಿ ‘ಆಮೇಲೆ’ ಅಂತ ಎಲ್ಲೂ ಇಲ್ಲಮ್ಮ,” ಎಂದರು ಅಧ್ಯಕ್ಷರು, ನಿಜಕ್ಕೂ ಮರುಕದಿಂದ. ಮಾತಾಡಿಕೊಂಡವರ ಹನ್ನೊಂದು ಬಿದ್ದುಹೋಯಿತು. ಮಾತು ಬಿಟ್ಟವರ ಇಪ್ಪತ್ತೊಂದು ನಿಂತಿತು. ಮುಂದಿನ ವಾರವೇ ಮರಳಿನ ದೋಣಿಗಳು ಮಡುವಿಗೆ ಇಳಿದವು.

ಮರುವರ್ಷದ ಎಣಿಕೆಗೆ ಇಬ್ಬರಿಂದಲೂ ಮಾತಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು, ಕಾವಲಿಗೆ ಆಫೀಸರೇ ಬೋಟು ಹತ್ತಿದರು. ಬೆಳಗಿನಿಂದ ಹಿಂದಕ್ಕ ಬರೆದದ್ದು ಮೂರು. ಮಡುವಿಗೆ ಬಂದಾಗ ಎಂಜಿನ್ ನಿಲ್ಲಿಸಿದರು. ನೀರು ಕೆಸರುಗಟ್ಟಿತ್ತು. ಅರ್ಧ ಗಂಟೆ ಕಾದರೂ ಒಂದು ಉಸಿರಿನ ಸದ್ದೂ ಕೇಳಲಿಲ್ಲ. ಹಿಂದಕ್ಕ ಪೆನ್ಸಿಲು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡಳು.

ಮುಂದಿನ ಸ್ಟೂಲಿನಿಂದ ನಾದಿನಿ ಪೂರ್ತಿ ಹಿಂದಕ್ಕೆ ತಿರುಗಿದಳು.

“ಅತ್ತಿಗೆ, ಒಂದಾದ್ರೂ ಮರಿ ಕಂಡಿತಾ?”

“ಇಲ್ಲ ಕಣೆ. ನಿನಗೆ?”

“ಇಲ್ಲ.”

ಆಫೀಸರು ತಕ್ಷಣ ಎರಡೂ ಪುಸ್ತಕ ಕಿತ್ತುಕೊಂಡು, ಗಡಿಯಾರ ನೋಡಿ, ಮಾತಾಡಿದ ಸಮಯ ಬರೆದುಕೊಂಡರು. ನಿಯಮದ ಪ್ರಕಾರ ಆ ವರ್ಷದ ಎಣಿಕೆ ರದ್ದಾಯಿತು. ಎಣಿಕೆ ರದ್ದಾದ ವರ್ಷಕ್ಕೆ ಹಿಂದಿನ ವರ್ಷದ ಸಂಖ್ಯೆಯೇ ಊರ್ಜಿತ. ಹಾಗಾಗಿ ಆ ನದಿಯಲ್ಲಿ ಇವತ್ತಿಗೂ ಇಪ್ಪತ್ತೊಂದು ಡಾಲ್ಫಿನ್‌ಗಳಿವೆ.